ಗೊತ್ತಾಯ್ತು ಅನ್ನದ ಮನೆ

ತಾರಿಣಿಗೆ ಆರು ವರ್ಷವಿದ್ದಾಗ ನಾನು ಅವಳಿಗೊಂದು ಮಾತು ಕೊಟ್ಟಿದ್ದೆ. ಮುಂದಿನ ಸಲ ಗಾಳಿ ಬಂದಾಗ ನಾನು ಮನೆಯಲ್ಲೇ ಇರುತ್ತೇನೆ, ಇಬ್ಬರೂ ಟಿ.ವಿ. ಮುಂದೆ ಕೂತು ಒಟ್ಟಿಗೆ ‘ಗೊತ್ತಾಯ್ತು’ ಅನ್ನೋಣ ಎಂದು. ಅವತ್ತು ಗಾಳಿ ದಾಟಿಹೋದ ಮೇಲೆ ನಾನು ಕೆಲಸ ಮುಗಿಸಿ ಮನೆಗೆ ಬಂದರೆ ಅವಳು ಮಂಚದ ಕೆಳಗೆ ಅನ್ನದ ತಪ್ಪಲೆ ತಬ್ಬಿಕೊಂಡು ಕೂತಿದ್ದಳು. ಬಾ ಅಂದರೆ ಬರಲಿಲ್ಲ. ಕೊನೆಗೆ ನಾನೇ ಮಂಚದ ಕೆಳಗೆ ತೂರಿ ಅವಳ ಪಕ್ಕ ಮಲಗಿ ಆ ಮಾತು ಕೊಟ್ಟೆ. ‘ಆಣೆ ಹಾಕು’ ಅಂದಳು. ತಪ್ಪಲೆಯ ಮೇಲೆ ಕೈಯಿಟ್ಟು ಆಣೆ ಹಾಕಿದೆ. ಅವಳ ಅಪ್ಪ ತೀರಿಕೊಂಡ ವರ್ಷ ಅದು. ನನಗೂ ಆಗ ಯಾರಾದರೂ ಏನಾದರೂ ಆಣೆ ಹಾಕಿ ಹೇಳಿದ್ದರೆ ನಂಬುತ್ತಿದ್ದೆನೇನೋ.

ನಮ್ಮೂರಿನ ಗಾಳಿ, ಹೇಳಿಸಿಕೊಂಡ ಮನೆಗೆ ಬರುವುದಿಲ್ಲ. ಮನೆಯ ಹೆಸರು ಹಿಡಿದು ‘ಗಾಳಿ ಬರ್ತಿದೆ’ ಎಂದು ಹೇಳಬೇಕು. ಮನೆಯವರು ಗಟ್ಟಿಯಾಗಿ ‘ಗೊತ್ತಾಯ್ತು’ ಅಂದು ಅಗುಳಿ ಹಾಕಿಕೊಳ್ಳಬೇಕು. ಅಷ್ಟಾದರೆ ಅದು ಹೊಸ್ತಿಲ ತನಕ ಬಂದು, ಮೂಸಿ ನೋಡಿ, ಮುಂದಿನ ಮನೆಗೆ ಹೋಗುತ್ತದೆ. ಹೇಳಿಸಿಕೊಳ್ಳದ ಮನೆ ಸಿಕ್ಕಿದರೆ ಒಳಗೆ ಹೋಗಿ ಇದ್ದುಬಿಡುತ್ತದೆ. ಮುಂದಿನ ಗಾಳಿ ಬಂದು ಕರೆದುಕೊಂಡು ಹೋಗುವವರೆಗೆ, ಅದು ಒಂದು ವರ್ಷವಾಗಲಿ ನಾಲ್ಕು ವರ್ಷವಾಗಲಿ, ಅಲ್ಲೇ ಇರುತ್ತದೆ. ಮನೆ ಬದಲಿಸಿದರೆ ಹಿಂದೆಯೇ ಬರುತ್ತದೆ. ದೊಡ್ಡವರು ಹೇಗೋ ಹೊಂದಿಕೊಳ್ಳುತ್ತಾರೆ. ಒಲೆಗೆ ತಗಡು ಅಡ್ಡವಿಟ್ಟು, ಒಣಹಾಕಿದ ಬಟ್ಟೆಗೆ ಕಲ್ಲು ಕಟ್ಟಿ, ಒಂದೇ ಮಾತನ್ನು ಎರಡೆರಡು ಸಲ ಕೂಗಿ ಹೇಳಿ ಬದುಕುತ್ತಾರೆ. ಎಳೆಗೂಸು ಇರುವ ಮನೆಯಲ್ಲಿ ಮಾತ್ರ ಹಾಗಾಗಬಾರದು. ಕೂಸಿನ ಉಸಿರನ್ನು ಗಾಳಿ ತನ್ನದೇ ಅಂದುಕೊಳ್ಳುತ್ತದೆ. ಗಾಣಿಗರ ಬೀದಿಯ ಸಿದ್ದವ್ವನ ಮನೆಯಲ್ಲಿ ಹಾಗಾಯಿತು. ಆಕೆ ತೊಲೆಯಿಂದ ತೊಟ್ಟಿಲ ಹಗ್ಗವನ್ನು ಇವತ್ತಿಗೂ ಬಿಚ್ಚಿಲ್ಲ.

ಹೇಳುವ ಕೆಲಸ ಮೊದಲು ನನ್ನ ಮಾವನವರದಾಗಿತ್ತು. ತಮಟೆ ಬಡಿಯುತ್ತ ಬೀದಿ ಬೀದಿ ಓಡುತ್ತಿದ್ದರಂತೆ. ಊರು ಬೆಳೆಯಿತು, ಅವರ ಕಾಲು ಸೋತವು. ನನ್ನ ಗಂಡ ಕಂಬದಿಂದ ಕಂಬಕ್ಕೆ ಕೇಬಲ್ ಎಳೆದು ಮನೆ ಮನೆಗೆ ಟಿ.ವಿ. ಕೊಟ್ಟು, ತಮಟೆಯನ್ನು ಕಂಟ್ರೋಲ್ ರೂಮಿನ ಗೋಡೆಗೆ ನೇತುಹಾಕಿದರು. ಈಗ ಆ ತಮಟೆಯ ಕೆಳಗೆ ನನ್ನ ಕುರ್ಚಿ. ಕೆರೆಯ ಆಚೆ ದಡದ ಗಾಳಿ ಠಾಣೆಯಿಂದ ಓಬಯ್ಯ ಫೋನು ಮಾಡಿದನೆಂದರೆ ಇನ್ನು ಹೆಚ್ಚುಕಡಿಮೆ ಒಂದು ತಾಸು ಇದೆ ಎಂದರ್ಥ. ಅಷ್ಟು ಹೊತ್ತಿಗಾಗಲೇ ಊರಿನ ಮೊಬೈಲುಗಳೆಲ್ಲ ಸತ್ತಿರುತ್ತವೆ. ಅವನ ಹಳೆಯ ಫೋನು, ನಮ್ಮ ಕೇಬಲ್ಲು, ಇವೆರಡೇ ಉಳಿಯುವುದು. ನಾನು ಕೆಂಪು ಗುಂಡಿ ಒತ್ತುತ್ತೇನೆ. ಎಲ್ಲ ಚಾನೆಲ್ಲೂ ನಿಲ್ಲುತ್ತವೆ, ಆರಿಸಿಟ್ಟ ಟಿ.ವಿ. ಕೂಡ ತಾನಾಗಿ ಹತ್ತಿಕೊಳ್ಳುತ್ತದೆ, ಪರದೆ ಕೆಂಪಾಗಿ ಪೀಂ ಪೀಂ ಅನ್ನುತ್ತದೆ. ಆಮೇಲೆ ನಾನು ಮೈಕ್ ಮುಂದೆ ಕೂತು ಬೀದಿಯಿಂದ ಬೀದಿಗೆ ಮನೆಗಳ ಹೆಸರು ಓದುತ್ತೇನೆ. ಯಾವ ಮನೆಯವರು ‘ಗೊತ್ತಾಯ್ತು’ ಅಂದರೋ ಆ ಮನೆಯ ಪುಟ್ಟ ದೀಪ ನನ್ನೆದುರಿನ ಬೋರ್ಡಿನಲ್ಲಿ ಹತ್ತುತ್ತದೆ. ಕೆಲವರು ಸಿಡುಕಿಕೊಂಡೇ ಹೇಳುತ್ತಾರೆಂದು ನನಗೆ ಗೊತ್ತು. ಮರುದಿನ ತರಕಾರಿ ಅಂಗಡಿಯಲ್ಲಿ ಸಿಕ್ಕಿ, ‘ನಿನ್ನ ಗಾಳಿಗೆ ಧಾರಾವಾಹಿ ಟೈಮೇ ಬೇಕಾ ಅಂಬಕ್ಕ? ಅತ್ತೆ ಬಾಯಿ ತೆಗೆದಿದ್ದಳು ಅಷ್ಟೇ, ಅಷ್ಟರಲ್ಲಿ ನೀನು ಬಾಯಿ ತೆಗೆದೆ’ ಅನ್ನುತ್ತಾರೆ.

ನನ್ನ ದನಿಯನ್ನು ರೆಕಾರ್ಡ್ ಮಾಡಿಟ್ಟು ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ನನ್ನ ಗಂಡ ಒಮ್ಮೆ ಹಾಗೆ ಮಾಡಿದ್ದರು. ಬೋರ್ಡಿನ ದೀಪಗಳೇನೋ ಹತ್ತಿದವು, ಆದರೆ ಗಾಳಿ ಒಪ್ಪಲಿಲ್ಲ. ಒಂದಿಡೀ ಬೀದಿಯವರು ಎರಡು ವರ್ಷ ತಲೆಗೆ ಬಟ್ಟೆ ಕಟ್ಟಿಕೊಂಡು ಊಟ ಮಾಡಿದರು. ಬದುಕಿರುವ ಬಾಯಿ ಆಗಲೇ ಹೇಳಬೇಕು. ಅದೂ ಹೇಳುವ ಕೆಲಸಕ್ಕೆ ನಿಂತವರ ಬಾಯಿ. ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೂಗಿದರೆ ಆಗುವುದಿಲ್ಲ. ಹಾಗಾಗಿ ಮಗಳಿಗೆ ಮಾತು ಕೊಟ್ಟ ಮೇಲೆ ನಾನು ನಮ್ಮ ಲೈನ್‌ಮನ್ ದಸ್ತಗೀರನಿಗೆ ಓದುವುದನ್ನು ಕಲಿಸತೊಡಗಿದೆ. ಕಂಬ ಹತ್ತುವುದರಲ್ಲಿ ಅವನಿಗೆ ಸಮನಿಲ್ಲ, ಮೈಕ್ ಕಂಡರೆ ಮಾತ್ರ ನಾಲಿಗೆ ಒಣಗುತ್ತದೆ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಕೂತು, ಸತ್ತ ಮೈಕಿನ ಮುಂದೆ ಇಡೀ ಊರನ್ನು ಓದಿ ಅಭ್ಯಾಸ ಮಾಡುತ್ತಿದ್ದ. ಮಾವನವರ ತಮಟೆಯನ್ನು ಅವನ ಕೈಯಲ್ಲಿ ಒಂದು ಸಲ ಬಾರಿಸಿಯೂ ಆಯಿತು. ಇನ್ನು ಅವನು ಹೇಳಿದರೆ ನಡೆಯುತ್ತದೆ. ಗಾಳಿ ಬಂದಾಗ ಮೊದಲ ಬೀದಿ ಓದಿ ಮೈಕು ಅವನ ಕೈಗೆ ಕೊಟ್ಟರೆ, ನಡೆದುಕೊಂಡು ಹೋದರೂ ನಾನು ಸಾವಕಾಶವಾಗಿ ಮನೆ ಸೇರಬಹುದು. ನಾಲ್ಕು ವರ್ಷ ಗಾಳಿಯೇ ಬರಲಿಲ್ಲ. ತಾರಿಣಿಗೆ ಹತ್ತು ತುಂಬಿತು. ಆಣೆಯ ವಿಷಯ ಮರೆತಿದ್ದಾಳೆ ಅಂದುಕೊಂಡಿದ್ದೆ.

ಈ ನಡುವೆ ಊರಿಗೆ ಡಿಶ್ ಬಂತು. ಹಾಕಿಸಿದ್ದು ಹಿಟ್ಟಿನ ಗಿರಣಿ ಕೊಟ್ರೇಶಣ್ಣ ಒಬ್ಬನೇ. ನಮ್ಮ ತಂತಿಯನ್ನು ಅವನೇ ಬಿಚ್ಚಿ, ಸುರುಳಿ ಸುತ್ತಿ, ತಂದುಕೊಟ್ಟ. ಬೇಜಾರು ಮಾಡಿಕೊಳ್ಳಬೇಡ ಎಂದು ಜೊತೆಗೆ ಎರಡು ಸೇರು ಗೋಧಿ ಹಿಟ್ಟನ್ನೂ ತಂದಿದ್ದ. ‘ಗಾಳಿ ಸುದ್ದಿ?’ ಎಂದು ಕೇಳಿದೆ. ‘ಅದ್ರಲ್ಲೂ ಬರುತ್ತಂತೆ ಕಣಮ್ಮ. ಯಾವ ಊರಲ್ಲಿ ಬಿರುಗಾಳಿ, ಯಾವ ಊರಲ್ಲಿ ಮಳೆ, ಎಲ್ಲ ಅವರವರ ಟಿ.ವಿ.ಗೇ ಬರುತ್ತೆ. ಆಕಾಶದಿಂದ ನೋಡೋದು ಅದು’ ಅಂದ. ಇರಬಹುದು ಅಂದುಕೊಂಡೆ. ಆದರೂ ಮನಸ್ಸು ತಡೆಯದೆ ಒಂದು ದಿನ ಡಿಶ್ ಕಂಪನಿಗೆ ಫೋನು ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬಳು ಹುಡುಗಿ, ‘ನಿಮ್ಮ ಊರು ಲಿಸ್ಟಲ್ಲಿ ತೋರಿಸ್ತಾ ಇಲ್ಲ ಮೇಡಂ, ಆದ್ರೆ ನಮ್ಮ ಎಲ್ಲಾ ಗ್ರಾಹಕರಿಗೂ ಎಚ್ಚರಿಕೆ ಬರುತ್ತೆ’ ಅಂದಳು. ನಾನು ಅವಳ ಎರಡನೇ ಮಾತನ್ನು ನಂಬಿದೆ, ಅಲ್ಲೂ ಯಾರೋ ಬಾಯಿಬಿಟ್ಟು ಹೇಳುತ್ತಾರೆ ಅಂದುಕೊಂಡೆ. ಕೆಲಸ ಮೈಮೇಲಿದ್ದಾಗ ಮನುಷ್ಯ ಯಾವ ಮಾತು ಹಗುರವೋ ಅದನ್ನೇ ನಂಬುತ್ತಾನೆ. ಬೋರ್ಡಿನಿಂದ ಗಿರಣಿ ಮನೆಯ ದೀಪ ಕಿತ್ತುಹಾಕಿದೆ.

ಗಾಳಿ ಬಂದದ್ದು ಒಂದು ಭಾನುವಾರ. ಬೆಳಿಗ್ಗೆ ನಾನು ಹೊರಡುವಾಗ ತಾರಿಣಿ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಕೆರೆಯ ಕಡೆ ನೋಡಿ, ‘ಅಮ್ಮ, ಬೆಳ್ಳಕ್ಕಿ ಒಂದೂ ಇಲ್ಲ ಇವತ್ತು’ ಅಂದಳು.

‘ಸಂತೆಗೆ ಹೋಗಿರ್ತವೆ ಬಿಡು.’

‘ತಮಾಷೆ ಬೇಡ. ಗಾಳಿ ಬಂದ್ರೆ ನೀನು ಬರ್ತೀಯ ತಾನೆ? ತಪ್ಪಲೆ ಮುಟ್ಟಿ ಹೇಳಿದ್ದೆ.’

‘ಬಂದೇ ಬರ್ತೀನಿ. ದಸ್ತಗೀರ್ ಮಾಮ ಇದಾನಲ್ಲ ಓದೋಕೆ.’

‘ನೀನು ಬರೋ ತನಕ ನಾನು ಅನ್ನಲ್ಲ.’

‘ಹಾಗೆಲ್ಲ ಹಟ ಮಾಡ್ಬಾರದು, ತಾರಿ.’

‘ಹಟ ಅಲ್ಲ. ನೀನೇ ಹೇಳಿದ್ದು, ಒಟ್ಟಿಗೆ ಅನ್ನೋಣ ಅಂತ.’ ಕಾಳನ್ನು ಒಂದೊಂದಾಗಿ ತಪ್ಪಲೆಗೆ ಹಾಕುತ್ತ ಹೇಳಿದಳು. ಅದೇ ತಪ್ಪಲೆ.

ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಿದ್ದೆ, ಫೋನು ಹೊಡೆದುಕೊಂಡಿತು. ‘ಹೊರಟಿದೆ ಕಣಕ್ಕ’ ಅಂದ ಓಬಯ್ಯ. ಅವನು ಯಾವತ್ತೂ ಅಷ್ಟೇ ಮಾತಾಡುವುದು. ಕೈ ತೊಳೆದು ಗುಂಡಿ ಒತ್ತಿದೆ. ಮೊದಲ ಬೀದಿ ನಮ್ಮದೇ, ಮೊದಲ ಮನೆಯೂ ನಮ್ಮದೇ. ಮಾವನವರ ಕಾಲದಿಂದ ತಮಟೆ ಹೊರಡುತ್ತಿದ್ದ ಮನೆ. ‘ತಮಟೆ ಮನೆ, ಗಾಳಿ ಬರ್ತಿದೆ’ ಅಂದೆ. ದೀಪ ಹತ್ತಲಿಲ್ಲ. ಅವಳು ಬಚ್ಚಲಲ್ಲಿದ್ದಾಳೇನೋ ಎಂದು ಮುಂದಿನ ಮನೆಗಳನ್ನು ಓದಿದೆ. ಪಟಪಟನೆ ಹತ್ತಿದವು. ಮತ್ತೆ ಹಿಂದಕ್ಕೆ ಬಂದು, ‘ತಮಟೆ ಮನೆ, ತಾರಿ, ಗಾಳಿ ಬರ್ತಿದೆ’ ಅಂದೆ. ಊರಿಗೆಲ್ಲ ಕೇಳಿಸುತ್ತಿದೆ ಎಂಬುದು ನೆನಪಿತ್ತು, ಆದರೂ ಹೇಳಿದೆ: ‘ಅಮ್ಮ ಹೊರಟೆ ಕಣೇ. ಈಗ ನೀನು ಅಂದುಬಿಡು, ನಾನು ಬಂದ ಮೇಲೆ ಇಬ್ಬರೂ ಇನ್ನೊಂದು ಸಲ ಅನ್ನೋಣ.’ ಟಿ.ವಿ.ಯ ಕಷ್ಟ ಇದೇ. ನಾನು ಹೇಳಿದ್ದು ಅವಳಿಗೆ ಕೇಳುತ್ತದೆ, ಅವಳು ಹೇಳಿದ್ದು ನನಗೆ ಕೇಳಿಸದು. ಪಕ್ಕದ ಮನೆ ರುದ್ರಮ್ಮನ ದೀಪ ಮಾತ್ರ ಮೂರು ನಾಲ್ಕು ಸಲ ಮಿನುಗಿತು. ಆಕೆ ನನ್ನ ಮಗಳ ಪರವಾಗಿಯೂ ಗೋಡೆಗೆ ಬಾಯಿಟ್ಟು ಕೂಗಿರಬೇಕು. ಅದು ಲೆಕ್ಕಕ್ಕಿಲ್ಲ.

‘ನೀವು ಹೋಗಿ ಅಂಬಕ್ಕ’ ಎಂದ ದಸ್ತಗೀರ್. ನೀರು ಕುಡಿದು, ಟೋಪಿ ಸರಿಮಾಡಿಕೊಂಡು, ಮೈಕಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತ. ‘ಮಗು ಕಾಯ್ತಿದೆ. ನಾನು ನೋಡ್ಕೋತೀನಿ. ಎಲ್ಲಾದ್ರೂ ತಪ್ಪಿದ್ರೆ ಊರೇ ನನ್ನ ಕಂಬಕ್ಕೆ ಕಟ್ಟುತ್ತೆ, ನೀವು ಚಿಂತೆ ಮಾಡ್ಬೇಡಿ.’ ನಾನು ಮೆಟ್ಟಿಲಿಳಿಯುವಾಗ ಅವನ ದನಿ ಪ್ರತಿ ಕಿಟಕಿಯಿಂದಲೂ ಬರುತ್ತಿತ್ತು. ಶುಕ್ರವಾರದ ಅಭ್ಯಾಸದಂತೆಯೇ ಒಂದು ಹೆಸರೂ ತಪ್ಪದೆ ಓದುತ್ತಿದ್ದ. ಜನ ಒಳಗಿಂದ ‘ಗೊತ್ತಾಯ್ತು’ ಅನ್ನುವುದು, ಅಗುಳಿ ಬೀಳುವುದು, ಯಾರೋ ಮಗುವಿಗೆ ‘ನೀನೂ ಅನ್ನೋ’ ಎಂದು ಗದರುವುದು, ಎಲ್ಲ ಕೇಳುತ್ತ ನಡೆದೆ. ಒಂದು ಮನೆಯ ಗಂಡಸು, ‘ಗೊತ್ತಾಯ್ತಪ್ಪ, ಅಂಬಕ್ಕ ಎಲ್ಲೋದ್ರು?’ ಎಂದು ಟಿ.ವಿ.ಯನ್ನೇ ಕೇಳುತ್ತಿದ್ದ.

ಹುಣಸೆಮರದ ಹತ್ತಿರ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ನಮ್ಮ ಬೀದಿ, ಬಲಕ್ಕೆ ಹೋದರೆ ಗಿರಣಿ. ಎಡಕ್ಕೆ ಕಾಲಿಟ್ಟಿದ್ದೆ. ಆಗ ಗಿರಣಿಯ ಸದ್ದು ಕೇಳಿಸಿತು. ಚಕ್ರದ ಪಟ್ಟಿ ಬಡಿದುಕೊಳ್ಳುವ ಅದೇ ಟಪ ಟಪ ಸದ್ದು. ದಿನವೂ ಕೇಳುವ ಸದ್ದಾದ್ದರಿಂದ ಎರಡು ಹೆಜ್ಜೆ ಮುಂದೆ ಹೋದ ಮೇಲೆ ನನಗೆ ಅರ್ಥವಾಯಿತು. ಗಾಳಿ ಬರುವ ಹೊತ್ತಿನಲ್ಲಿ ತಿರುಗುವ ಚಕ್ರವನ್ನು ಯಾರೂ ತಿರುಗಲು ಬಿಡುವುದಿಲ್ಲ. ಗಿರಣಿ ನಡೆಯುತ್ತಿದೆ ಎಂದರೆ ಆ ಮನೆಗೆ ಯಾರೂ ಹೇಳಿಲ್ಲ. ಕೊಟ್ರೇಶಣ್ಣನ ಮಗಳು ಶಶಿಕಲಾ ಬಾಣಂತನಕ್ಕೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ.

ಮರದ ಕೆಳಗೆ ನಿಂತೆ. ಎರಡೂ ಕಡೆ ಹೋಗುವಷ್ಟು ಹೊತ್ತು ಉಳಿದಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಈ ಕಡೆ ನಮ್ಮ ಬೀದಿಯ ತುದಿಯಲ್ಲಿ ನಮ್ಮ ಬಾಗಿಲು ಕಾಣುತ್ತಿತ್ತು. ಅವಳಿಗೆ ಗೊತ್ತಿದೆ, ಬಾಯಿಬಿಟ್ಟು ಅನ್ನಬೇಕಷ್ಟೇ. ಇವರಿಗೆ ಗೊತ್ತೇ ಇಲ್ಲ. ಕೊನೇ ಗಳಿಗೆಯಲ್ಲಿ ಹೆದರಿಯಾದರೂ ಅಂದೇ ಅನ್ನುತ್ತಾಳೆ, ನನ್ನ ಮಗಳಲ್ಲವೆ, ಅಂದುಕೊಂಡೆ. ಬಲಕ್ಕೆ ಓಡಿದೆ.

ಕೊಟ್ರೇಶಣ್ಣ ರೆಪ್ಪೆಗೂ ಹಿಟ್ಟು ಮೆತ್ತಿಕೊಂಡು ರಾಗಿ ಬೀಸುತ್ತಿದ್ದ. ನನ್ನನ್ನು ಕಂಡು ಹಲ್ಲು ಬಿಟ್ಟ. ‘ಏನಮ್ಮ ಅಂಬಕ್ಕ, ಭಾನುವಾರನೂ ಕೇಬಲ್ ಹಾಕಿಸ್ಕೊಳಿ ಅಂತ ಹೊರಟ್ಯಾ?’

‘ಗಿರಣಿ ನಿಲ್ಸಿ ಅಣ್ಣ, ಗಾಳಿ ಬರ್ತಿದೆ.’

‘ಎಲ್ಲಿಂದ ಬರುತ್ತೆ? ಬೆಳಿಗ್ಗೆಯಿಂದ ಟಿ.ವಿ. ಹಾಕೇ ಇದೆ ಒಳಗೆ. ಬಾ, ನೀನೇ ನೋಡು.’

ಒಳಗೆ ಶಶಿಕಲಾ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಕೊಟ್ರೇಶಣ್ಣನ ತಾಯಿ ಹಾಲಜ್ಜಿ ಟಿ.ವಿ.ಯಲ್ಲಿ ಯಾರೋ ಬದನೆಕಾಯಿ ಕೊಯ್ಯುವುದನ್ನು ನೋಡುತ್ತಿದ್ದಳು. ಬದನೆಕಾಯಿಯ ಕೆಳಗೆ ಒಂದು ಸಾಲು ಓಡುತ್ತಿತ್ತು. ನಿಮ್ಮ ಪ್ರದೇಶದಲ್ಲಿ ಸಂಜೆ ಹಗುರ ಮಳೆ, ಗಾಳಿ ಇಲ್ಲ.

‘ನೋಡ್ದ್ಯಾ?’ ಎಂದ ಕೊಟ್ರೇಶಣ್ಣ.

‘ಅದು ಬೀಗರ ಊರಿಂದು ಕಣಮ್ಮ’ ಎಂದಳು ಹಾಲಜ್ಜಿ, ಕಣ್ಣು ತೆಗೆಯದೆ. ‘ನಿನ್ನೆನೂ ಮಳೆ ಅಂತು. ನಾನು ಬೀಗಿತ್ತಿಗೆ ಫೋನ್ ಮಾಡಿ, ಹಪ್ಪಳ ಒಳಗಿಟ್ಕೊಳ್ಳಿ ತಾಯಿ ಅಂದೆ. ಇಟ್ಕೊಂಡ್ರಂತೆ. ಬಂತಂತೆ ಮಳೆ!’

ನಾನು ಕೊಟ್ರೇಶಣ್ಣನ ಮುಖ ನೋಡಿದೆ. ಅವನು ಕತ್ತು ಕೆರೆದುಕೊಂಡ. ‘ಡಿಶ್ ಹಾಕೋ ಹುಡುಗ ಪಿನ್‌ಕೋಡ್ ಕೇಳ್ದ. ನಮ್ಮೂರಿಗೆ ಎಲ್ಲಿದೆ ಪಿನ್‌ಕೋಡು? ಏನಾದ್ರೂ ಹಾಕ್ಲೇಬೇಕು ಅಂದ. ಶಶಿ ಗಂಡನ ಮನೇದು ಬಾಯಿಗೆ ಬಂತು, ಕೊಟ್ಟೆ. ಆದ್ರೂ ಆಕಾಶದಿಂದ ನೋಡೋದಲ್ವೇನಮ್ಮ, ನಿನ್ನ ತಂತಿಗಿಂತ ಮೇಲಿಂದ ನೋಡುತ್ತೆ...’

‘ಮೇಲಿಂದ ನೋಡಿ ಬೀಗರ ಮನೆ ಹಪ್ಪಳ ಉಳಿಸಿದೆ ಅಣ್ಣ. ಈ ಕೂಸನ್ನ ಯಾರು ನೋಡ್ಬೇಕು?’

ಅವನಿಗೆ ಸ್ವಲ್ಪ ತಟ್ಟಿತು. ಆದರೂ ಗಿರಣಿಯ ಕಡೆ ತಿರುಗಿ, ‘ಇದೊಂದು ಮೂಟೆ ಅರ್ಧ ಆಗಿದೆ, ಮುಗಿಸಿಬಿಟ್ರೆ...’ ಅನ್ನುತ್ತಿದ್ದ. ಹಾಲಜ್ಜಿ ಎದ್ದಳು. ಗೋಡೆ ಹಿಡಿದುಕೊಂಡು ಹೋಗಿ ಗಿರಣಿಯ ಮೇನ್ ಸ್ವಿಚ್ಚನ್ನು ಊರುಗೋಲಿನಿಂದ ಕೆಳಗೆ ಬಡಿದಳು. ‘ಲೋ ಕೊಟ್ರ, ನಿನ್ನ ರಾಗಿ ಓಡೋಗಲ್ಲ. ಬಾಯಿ ಮುಚ್ಕೊಂಡು ಬಂದು ಗೊತ್ತಾಯ್ತು ಅನ್ನು.’ ಬಾಯಿ ಮುಚ್ಚಿಕೊಂಡು ಹೇಗೆ ಅನ್ನುವುದು ಎಂದು ಶಶಿಕಲಾಗೆ ನಗು ಬಂತು. ಆದರೆ ಅವಳ ಕೈ ಆಗಲೇ ಕೂಸಿನ ತಲೆಯ ಮೇಲೆ ಸೆರಗು ಎಳೆಯುತ್ತಿತ್ತು.

ತಿರುಗುವ ಚಕ್ರದ ಮನೆಗೆ ಹೇಳಿದ್ದನ್ನು ಗಾಳಿ ಒಪ್ಪದು, ಚಕ್ರ ನಿಲ್ಲುವ ತನಕ ಹೇಳುವಂತಿಲ್ಲ. ಅದು ಒಂದೇ ಸಲಕ್ಕೆ ನಿಲ್ಲುವುದೂ ಇಲ್ಲ, ತಿರುಗಿ ತಿರುಗಿ ನಿಧಾನವಾಗುತ್ತದೆ. ನಾನು ಹೊಸ್ತಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದೆ. ಪಟ್ಟಿ ಕೊನೆಯ ಸಲ ಟಪ್ ಅಂದ ಮೇಲೆ, ‘ಗಿರಣಿ ಮನೆ, ಗಾಳಿ ಬರ್ತಿದೆ’ ಅಂದೆ. ಮೈಕಿಲ್ಲದೆ ನನ್ನ ದನಿ ಎಷ್ಟು ಸಣ್ಣದು ಎಂದು ನನಗೇ ಅನ್ನಿಸಿತು. ಅಜ್ಜಿ, ಮೊಮ್ಮಗಳು, ಕಡೆಗೆ ಕೊಟ್ರೇಶಣ್ಣ, ಮೂವರೂ ‘ಗೊತ್ತಾಯ್ತು’ ಅಂದರು. ‘ಅಕ್ಕ, ಇಲ್ಲೇ ಇದ್ದುಬಿಡಿ, ಗಾಳಿ ಹೋದ ಮೇಲೆ ಹೋಗುವಿರಂತೆ’ ಎಂದಳು ಶಶಿಕಲಾ. ‘ತಾರಿಣಿ ಕಾಯ್ತಿದಾಳೆ’ ಅಂದೆ. ನನ್ನ ಹಿಂದೆ ಅಗುಳಿ ಬಿತ್ತು.

ಹೊರಗೆ ಬಂದಾಗ ಗಿರಣಿಯ ಅಂಗಳದಲ್ಲಿ ಚೆಲ್ಲಿದ್ದ ಹಿಟ್ಟು ನೆಲದಿಂದ ಮೇಲೆದ್ದು ಆಳೆತ್ತರ ನಿಂತಿತ್ತು. ಗಾಳಿ ಬಂದಿತ್ತು. ಬಯಲಲ್ಲಿರುವವರನ್ನು ಅದು ಏನೂ ಮಾಡುವುದಿಲ್ಲ. ಅದಕ್ಕೆ ಬೇಕಾದದ್ದು ಮನೆ. ಕೊಟ್ರೇಶಣ್ಣನ ಹೊಸ್ತಿಲು ಮೂಸಿ, ಒಂದು ಹಿಡಿ ಹಿಟ್ಟು ಅಲ್ಲಿ ಬಿಟ್ಟು, ತಿರುಗಿ, ನನ್ನ ಮುಂದೆ ನಡೆಯತೊಡಗಿತು. ಇಷ್ಟು ವರ್ಷ ಅದರ ಸುದ್ದಿ ಹೇಳಿದ್ದೆನೇ ಹೊರತು ಅದನ್ನು ಕಣ್ಣಿಂದ ಕಂಡದ್ದು ಅವತ್ತೇ. ಹಿಟ್ಟು ಮೆತ್ತಿಕೊಂಡಿದ್ದರಿಂದ ಕಂಡಿತು. ಅವಸರವಿಲ್ಲದ ನಡಿಗೆ. ನಾನು ಓಡಿದರೆ ಅದೂ ಓಡುತ್ತಿತ್ತು, ನಾನು ನಿಂತರೆ ಬಾಗಿಲು ಬಾಗಿಲಿಗೂ ನಿಂತು ನೋಡುತ್ತಿತ್ತು. ಹುಣಸೆಮರ ದಾಟಿ ನಮ್ಮ ಬೀದಿಗೆ ತಿರುಗಿತು. ಎಲ್ಲ ಕಿಟಕಿಗಳಿಂದಲೂ ದಸ್ತಗೀರನ ದನಿ ಕೊನೆಯ ಬೀದಿಯ ಹೆಸರುಗಳನ್ನು ಓದುತ್ತಿತ್ತು. ರುದ್ರಮ್ಮನ ಹೊಸ್ತಿಲಲ್ಲಿ ಒಂದು ಹಿಡಿ ಹಿಟ್ಟು ಬಿತ್ತು. ನಮ್ಮ ಹೊಸ್ತಿಲಲ್ಲಿ ಬೀಳಲಿಲ್ಲ. ನಮ್ಮ ಬಾಗಿಲು ತೆರೆದೇ ಇತ್ತು. ಅದು ತಲೆ ತಗ್ಗಿಸಿ ಒಳಗೆ ಹೋಯಿತು.

ನಾನು ಹೋದಾಗ ತಾರಿಣಿ ಚಾಪೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ನನಗೊಂದು ಮಣೆ ಹಾಕಿದ್ದಳು. ಜಡೆ ಬಿಚ್ಚಿಹೋಗಿ ಕೂದಲು ಮೇಲಕ್ಕೆ ನಿಂತಿತ್ತು, ಮುಖವೆಲ್ಲ ಹಿಟ್ಟು. ಕ್ಯಾಲೆಂಡರು ತಾನಾಗಿ ತಿಂಗಳು ತಿರುವುತ್ತಿತ್ತು. ನಾನು ಅವಳನ್ನು ತಬ್ಬಿಕೊಂಡು, ‘ಬಾಗಿಲಾದ್ರೂ ಹಾಕ್ಬಾರದಿತ್ತಾ ಕಂದ?’ ಅಂದೆ. ಅವಳಿಗೆ ಕೇಳಿಸಲಿಲ್ಲ. ಎರಡನೇ ಸಲ ಕೂಗಿ ಹೇಳಿದೆ.

‘ಹಾಕಿದ್ರೆ ನೀನು ಹೇಗೆ ಒಳಗೆ ಬರ್ತಿದ್ದೆ?’ ಅಂದಳು.

ಮರುದಿನ ಕೊಟ್ರೇಶಣ್ಣ ಬಂದ. ಬಾಗಿಲಲ್ಲೇ ನಿಂತು ಒಳಗಿನ ಸದ್ದು ಕೇಳಿದ. ಪಂಚೆ ಹಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಕೇಬಲ್ ವಾಪಸ್ ಹಾಕಿಕೊಡು ಅಂದ. ಆಮೇಲೆ ಇನ್ನೇನೋ ಹೇಳಲು ಹೋದ, ಎರಡು ಸಲ ಹೇಳಿದರೂ ನನಗೆ ಕೇಳಿಸಲಿಲ್ಲ. ಮೂರನೇ ಸಲ ಹೇಳದೆ ಹೊರಟುಹೋದ. ಸಂಜೆ ಹಳೆಯ ಬೀಸುವ ಕಲ್ಲಿನ ಚೂರುಗಳನ್ನು ಗಾಡಿಯಲ್ಲಿ ಹೇರಿಸಿ ಕಳಿಸಿದ. ಅನ್ನದ ತಪ್ಪಲೆಗೆ ಒಂದು, ಹಾಸಿಗೆಯ ನಾಲ್ಕು ಮೂಲೆಗೆ ನಾಲ್ಕು ಇಟ್ಟಿದ್ದೇವೆ. ಇದನ್ನು ಬರೆಯುತ್ತಿರುವ ಕಾಗದದ ಮೇಲೆ ಒಂದಿದೆ. ಕೂಸು ಚೆನ್ನಾಗಿದೆ, ಮೊನ್ನೆ ನಾಮಕರಣವಾಯಿತು. ಹಾಲಜ್ಜಿ ಹೋಳಿಗೆಯನ್ನು ಬಟ್ಟೆಯಲ್ಲಿ ಗಂಟು ಹಾಕಿ ಕಳಿಸಿದ್ದಳು, ಹಾರದಿರಲಿ ಎಂದು.

ತಾರಿಣಿ ಹೊಂದಿಕೊಂಡಿದ್ದಾಳೆ, ನನಗಿಂತ ಬೇಗ. ಜಡೆಯ ತುದಿಗೆ ಬೀಗದ ಕೈ ಕಟ್ಟಿಕೊಳ್ಳುತ್ತಾಳೆ. ಪಾಠ ಓದುವಾಗ ಪುಟ ತಿರುವುವ ಕೆಲಸ ಗಾಳಿಗೆ ಬಿಟ್ಟಿದ್ದಾಳೆ, ಅದು ಒಮ್ಮೊಮ್ಮೆ ಎರಡು ಪುಟ ತಿರುವಿದರೆ ಬೈಯುತ್ತಾಳೆ. ನನ್ನ ಮೇಲೆ ಕೋಪವೇ ಎಂದು ಒಂದು ದಿನ ಕೇಳಿದೆ. ಜಡೆಗೆ ಬೀಗದ ಕೈ ಕಟ್ಟಿಕೊಳ್ಳುತ್ತ, ‘ಕೂಸಿಗೆ ಏನಾದ್ರೂ ಆಗಿದ್ರೆ ಕೋಪ ಬರ್ತಿತ್ತು ಅನ್ಸುತ್ತೆ’ ಅಂದಳು. ಗಂಟು ಬಿಗಿದ ಮೇಲೆ, ‘ಈಗಲೂ ಸ್ವಲ್ಪ ಇದೆ’ ಅಂದಳು. ಇವತ್ತು ಮಲಗುವ ಮುಂಚೆ, ‘ಮುಂದಿನ ಗಾಳಿಗೆ ಇರ್ತೀಯ?’ ಎಂದು ಕೇಳಿದಳು. ಕೇಳಿಸದವಳ ಹಾಗೆ ಕಲ್ಲುಗಳನ್ನು ಸರಿಮಾಡಿದೆ. ಅವಳು ಎರಡನೇ ಸಲ ಕೇಳಲಿಲ್ಲ, ತಪ್ಪಲೆಯನ್ನೂ ಮುಂದೆ ತರಲಿಲ್ಲ.

ಗಾಳಿ ಬಂದಾಗ ಮನೆಯಲ್ಲಿರುತ್ತೇನೆ ಎಂದು ನಾನು ಮಗಳಿಗೆ ಮಾತು ಕೊಟ್ಟಿದ್ದೆ. ಗಾಳಿ ಬಂದಾಗ ನಾನು ಮನೆಯಲ್ಲಿರಲಿಲ್ಲ.